ಕ್ಲೋಸಿಂಗ್ ಎರರ್ ಹಂಚಬೇಡಿ: ಸಿವಿಲ್ 1998 ಬ್ಯಾಚ್, ಯಾರು ಎಲ್ಲಿದ್ದೀರಿ?

ಪ್ಲಂಬ್‌ಬಾಬ್, ಹಾಸನ

ಮೊನ್ನೆ ಹಾಸನಾಂಬೆ ಬಾಗಿಲು ಹಾಕಿದರು. ಊರಿಗೆ ಈಗ ಉಸಿರು ಬಂತು. ಇಷ್ಟು ದಿನ ಮನೆಯಿಂದ ಕೆಲಸಕ್ಕೆ ಹೋಗಬೇಕಾದರೆ ಅರ್ಧ ಊರು ಸುತ್ತಬೇಕಿತ್ತು. ನಮ್ಮ ಮನೆಗೇ ಹನ್ನೊಂದು ಜನ ನೆಂಟರು. ಕ್ಯೂ ಹತ್ತಿರ ಒಬ್ಬ ಬಂದು 'ಸಾರ್, ಇದು ಸಾವಿರ ರೂಪಾಯಿ ಲೈನಾ?' ಅಂತ ಕೇಳಿದ. ಹೌದು ಅಂದೆ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿ ನೋಡಿದೆವು. ನಮ್ಮ ಬ್ಯಾಚಿನವನೇ! ನಾಲ್ಕು ವರ್ಷ ಪಕ್ಕದ ರೂಮಿನಲ್ಲಿದ್ದವನು ನನ್ನನ್ನು 'ಸಾರ್' ಅಂದ.

ಅದಕ್ಕೇ ನಮ್ಮ ಇಂಜಿನಿಯರಿಂಗ್ ಬ್ಯಾಚಿನವರಿಗೆ ಅಂತ ಇದನ್ನು ಶುರು ಮಾಡಿದ್ದೇನೆ. ನಾವು ಸಿಇಟಿ ಶುರುವಾದ 1994ರಲ್ಲಿ ಸೇರಿದವರು. 1998ರಲ್ಲಿ ಹೊರಬಿದ್ದೆವು. ಅದೇ ವರ್ಷ ವಿಟಿಯು ಹುಟ್ಟಿತು, ನಮ್ಮ ಸರ್ಟಿಫಿಕೇಟ್ ಮೇಲೆ ಮಾತ್ರ ಮೈಸೂರು ವಿಶ್ವವಿದ್ಯಾನಿಲಯದ ಗಂಡಭೇರುಂಡ. ಈಗ 2025, 27 ವರ್ಷ ಆಯಿತು ಕಣ್ರೋ. ಯಾರು ಎಲ್ಲಿದ್ದೀರಿ, ಕೆಲಸ ಏನು, ಮಕ್ಕಳು ಏನು ಓದುತ್ತಿದ್ದಾರೆ, ಎಲ್ಲೆಲ್ಲಿ ಸುತ್ತಿದಿರಿ, ಬರೆಯಿರಿ. ಹಾಸ್ಟೆಲ್‌ನಲ್ಲಿ ಇಟ್ಟಿದ್ದ ಅಡ್ಡಹೆಸರೇ ಸಾಕು. ಗುಡ್ ಮಾರ್ನಿಂಗ್ ಗುಲಾಬಿ ಹೂವು ಹಾಕಿದವರಿಗೆ ಗೇಟ್‌ಪಾಸ್.

ನನ್ನದು: ಪಾಲಿಟೆಕ್ನಿಕ್‌ನಲ್ಲಿ ಸರ್ವೆ ಪಾಠ. ಹೆಂಡತಿ ಬ್ಯಾಂಕಿನಲ್ಲಿ. ಮಗ ಪಿಯುಸಿ. ಬಿಪಿ ಮಾತ್ರೆ ಒಂದು, ಚಾಳೀಸು ಕನ್ನಡಕ ಎರಡು. ಎರಡರಲ್ಲಿ ಒಂದು ಯಾವಾಗಲೂ ಕಳೆದಿರುತ್ತದೆ.

ಲೆವೆಲಿಂಗ್ ಸ್ಟಾಫ್, ಬೆಂಗಳೂರು

ಮೊದಲ ಹಾಜರಿ ನನ್ನದು. ವೈ2ಕೆ ಗಲಾಟೆಯಲ್ಲಿ ಕೋಬಾಲ್ ಕಲಿತು ಒಳಗೆ ನುಗ್ಗಿದವನು ಇನ್ನೂ ಸಾಫ್ಟ್‌ವೇರ್‌ನಲ್ಲೇ ಇದ್ದೇನೆ. ಸಿವಿಲ್ ಓದಿದ್ದು ಉಪಯೋಗಕ್ಕೆ ಬಂದದ್ದು ಒಂದೇ ಸಲ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗ್‌ನಲ್ಲಿ, ಬೇಸ್‌ಮೆಂಟ್ ಸೋರಿದಾಗ. ಮಗಳು ಡಿಸೈನ್ ಓದುತ್ತಿದ್ದಾಳೆ. ಈ ವರ್ಷ ದೆಹಲಿ ಕಡೆ ಒಂದು ಟ್ರಿಪ್ ಆಯಿತು. ಎಲ್ಲ ಚೆನ್ನಾಗಿದೆ.

ಕೊನೇ ಬೆಂಚು, ಡಲ್ಲಾಸ್

ಇಲ್ಲಿಗೆ ಬಂದು 15 ವರ್ಷ. ಕಳೆದ ವರ್ಷ ರಿಚ್ಮಂಡ್‌ನಲ್ಲಿ ಅಮೆರಿಕದ ಕನ್ನಡ ಕೂಟಗಳ 'ಅಕ್ಕ' ಸಮ್ಮೇಳನಕ್ಕೆ ಎಲ್ಲರೂ ಹೋಗಿದ್ದೆವು. ಮಗಳು ಸ್ಟೇಜ್ ಮೇಲೆ ಕುಣಿದಳು, ನಾನು ಊಟದ ಸಾಲಿನಲ್ಲಿ ಮೂರು ಸಲ ನಿಂತೆ. ಸೆಪ್ಟೆಂಬರ್‌ನಲ್ಲಿ ಊರಿಗೆ ಬಂದು ಹೋದೆ, ಚಿಕ್ಕ ಟ್ರಿಪ್. ಯಾರಿಗೂ ಹೇಳಲಾಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಮೆಸ್ ಸೆಕ್ರೆಟರಿ, ಹಾಸನ

ಅಬುಧಾಬಿಯಲ್ಲಿ 18 ವರ್ಷ ಮುಗಿಸಿ ಕಳೆದ ವರ್ಷ ವಾಪಸ್ ಬಂದೆ. ಹಾಸನದಲ್ಲೇ ಮನೆ ಕಟ್ಟಿಸುತ್ತಿದ್ದೇನೆ. ಗೃಹಪ್ರವೇಶಕ್ಕೆ ಎಲ್ಲರೂ ಬರಬೇಕು. ಮೆನು ನನ್ನದೇ, ಅವತ್ತಿನ ಹಾಗೆ ಬಿಸಿನೀರಿನಂಥ ಸಾಂಬಾರ್ ಇರುವುದಿಲ್ಲ.

ತೋಟದ ಮನೆ, ಸಕಲೇಶಪುರ

ಕಾಫಿ ರೇಟು ಜೋರಾಗಿದೆ. ನಾನೂ ಜೋರಾಗಿದ್ದೇನೆ.

ಡಂಪಿ, ಬೆಂಗಳೂರು

ಎಲ್ಲರನ್ನೂ ಇಲ್ಲಿ ನೋಡಿ ಖುಷಿಯಾಯಿತು. ನಾನು ಸದ್ಯ ಸ್ವಲ್ಪ ಬ್ರೇಕ್ ತೆಗೆದುಕೊಂಡಿದ್ದೇನೆ. ಓದು, ವಾಕಿಂಗ್.

ಪ್ರಿಸ್ಮ್, ಮೈಸೂರು

ಎರಡು ದಿನದಿಂದ ಓದುತ್ತಿದ್ದೇನೆ. ಮದುವೆ ಮನೆಯಲ್ಲಿ ಸಿಕ್ಕವರು ಮಾತಾಡಿದ ಹಾಗಿದೆ ನಿಮ್ಮ ಬರಹ. 'ಎಲ್ಲ ಚೆನ್ನಾಗಿದೆ', 'ಚಿಕ್ಕ ಟ್ರಿಪ್', 'ಸ್ವಲ್ಪ ಬ್ರೇಕ್'.

ಸರ್ವೆ ಕ್ಯಾಂಪ್ ನೆನಪಿದೆಯಾ? ಲೆವೆಲ್ ಮಾಡಿಕೊಂಡು, ಅಂದರೆ ನೆಲದ ಏರಿಳಿತ ಅಳೆದುಕೊಂಡು, ಶುರುವಾದ ಜಾಗಕ್ಕೇ ವಾಪಸ್ ಬಂದಾಗ ಲೆಕ್ಕ ಕೂಡದಿದ್ದರೆ ಏನು ಮಾಡುತ್ತಿದ್ದೆವು? ಆ ತಪ್ಪನ್ನು, ಅದೇ ಕ್ಲೋಸಿಂಗ್ ಎರರ್, ಚೂರು ಚೂರು ಮಾಡಿ ಎಲ್ಲ ರೀಡಿಂಗ್‌ಗೂ ಹಂಚಿಬಿಡುತ್ತಿದ್ದೆವು. ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನೀವೆಲ್ಲ ಈಗ ಮಾಡುತ್ತಿರುವುದು ಅದೇ. ಎರರ್ ಹಂಚಬೇಡಿ ಮಾರಾಯರೇ. ಫೀಲ್ಡ್ ಬುಕ್ಕಿನಲ್ಲಿ ಏನಿದೆಯೋ ಅದನ್ನು ಹಾಗೇ ಬರೆಯಿರಿ.

ನಾನೇ ಶುರು ಮಾಡುತ್ತೇನೆ. ಸ್ಟ್ರಕ್ಚರಲ್ ಕನ್ಸಲ್ಟೆನ್ಸಿಯಲ್ಲಿ ಮೂರು ವರ್ಷ ಕೆಲಸ ಮಾಡಿ 2002ರಲ್ಲಿ ಬಿಟ್ಟೆ. ಮಗ ಹುಟ್ಟಿದ. ಆಮೇಲೆ 11 ವರ್ಷ ಮನೆ. ಅದನ್ನು ಎಲ್ಲರೂ 'ಗ್ಯಾಪ್' ಅಂತಾರೆ. ಆ ಗ್ಯಾಪಿನಲ್ಲಿ ನಾನು ಕೂತದ್ದೇ ನೆನಪಿಲ್ಲ. 38ನೇ ವಯಸ್ಸಿನಲ್ಲಿ ಕ್ಲಾಸಿಗೆ ಸೇರಿ ರೆವಿಟ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್ ಕಲಿತೆ. ಪಕ್ಕದಲ್ಲಿ ಕೂತ ಹುಡುಗ 'ಆಂಟಿ, ಕಂಟ್ರೋಲ್ ಝಡ್ ಒತ್ತಿ' ಅಂತ ಹೇಳಿಕೊಡುತ್ತಿದ್ದ. ಈಗ ಮನೆಯಿಂದಲೇ ಹೊರದೇಶದ ಕಟ್ಟಡಗಳಿಗೆ ಕಂಬಿ ಡ್ರಾಯಿಂಗ್ ಮಾಡುತ್ತೇನೆ. ಆ ಕಟ್ಟಡ ಒಂದನ್ನೂ ಕಣ್ಣಲ್ಲಿ ನೋಡಿಲ್ಲ.

ಅತ್ತೆಗೆ ಮರೆವಿನ ಕಾಯಿಲೆ. ನಾಲ್ಕು ವರ್ಷ ಆಯಿತು. ಸಂಜೆ ಐದಾದರೆ ಸೀರೆ ಸರಿ ಮಾಡಿಕೊಂಡು ಗೇಟಿನ ಹತ್ತಿರ ನಿಲ್ಲುತ್ತಾರೆ. 'ಕೆ.ಆರ್. ನಗರದ ಬಸ್ಸು ಹೋಯ್ತೇನಮ್ಮಾ?' ಅಂತ ನನ್ನನ್ನೇ ಕೇಳುತ್ತಾರೆ. ಮೊದಲು 'ಅತ್ತೆ, ಇದೇ ನಿಮ್ಮ ಮನೆ' ಅಂತ ವಾದ ಮಾಡುತ್ತಿದ್ದೆ. ಅಳುತ್ತಿದ್ದರು. ಈಗ 'ಇನ್ನೂ ಬಂದಿಲ್ಲ, ಕಾಫಿ ಕುಡಿದು ಬನ್ನಿ' ಅಂತೀನಿ. ಒಳಗೆ ಬರುತ್ತಾರೆ. ಕಾಫಿ ಕುಡಿದ ಮೇಲೆ ಬಸ್ಸು ಮರೆತುಹೋಗುತ್ತದೆ. ಅದಕ್ಕೇ ನಾನು ಐದು ಗಂಟೆಗೆ ಯಾವ ಮೀಟಿಂಗೂ ಇಟ್ಟುಕೊಳ್ಳುವುದಿಲ್ಲ. ಪ್ರವಾಸ ಅಂದರೆ, ಮೂರು ವರ್ಷದಲ್ಲಿ ಚಾಮುಂಡಿ ಬೆಟ್ಟ.

ಈಗ ನಿಮ್ಮ ಸರದಿ.

ಲೆವೆಲಿಂಗ್ ಸ್ಟಾಫ್, ಬೆಂಗಳೂರು

ಆಯಿತು ಕಣೇ, ಬಯ್ಯಬೇಡ. ನನ್ನ 'ದೆಹಲಿ ಕಡೆ ಟ್ರಿಪ್' ಏನು ಗೊತ್ತಾ? ಮಾನಸ ಸರೋವರ. ಐದು ವರ್ಷ ನಿಂತಿದ್ದ ಯಾತ್ರೆ ಈ ವರ್ಷ ಮತ್ತೆ ಶುರುವಾಯಿತಲ್ಲ. ಲಾಟರಿಯಲ್ಲಿ ಹೆಸರು ಬಂತು. ಲಿಪುಲೇಖ್ ದಾರಿಯಲ್ಲಿ 50 ಜನರ ಐದೇ ತಂಡ, ಅದರಲ್ಲಿ ನಾನು! ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಅಪ್ಪ ಊರಲ್ಲೆಲ್ಲ ಹೇಳಿಕೊಂಡು ಬಂದರು. ಆರು ತಿಂಗಳು ಮೆಟ್ಟಿಲು ಹತ್ತಿ ಇಳಿದೆ, ಹತ್ತು ಕೆಜಿ ಇಳಿಸಿದೆ.

ದೆಹಲಿಯಲ್ಲಿ ಮೆಡಿಕಲ್ ಟೆಸ್ಟ್ ಮಾಡುತ್ತಾರೆ. ಬಿಪಿ 160. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರು. 166. 'ಟೆನ್ಶನ್ ಮಾಡಿಕೊಳ್ಳಬೇಡಿ' ಅಂದರು. ಮೂರನೇ ಸಲ 170. ಅಷ್ಟೇ, ವಾಪಸ್ ಕಳಿಸಿದರು. ತಂಡದವರು ಹೊರಟ ದಿನ ನಾನು ಕರೋಲ್‌ಬಾಗ್‌ನಲ್ಲಿ ಸುಮ್ನೆ ಛೋಲೆ ಭಟೂರೆ ತಿನ್ನುತ್ತಾ ಕೂತಿದ್ದೆ. ಬಿಪಿ ಇದ್ದವನು ತಿನ್ನಬಾರದ್ದನ್ನೆಲ್ಲ ತಿಂದೆ. ಊರಿಗೆ ಹೋಗಿ ಅಪ್ಪನಿಗೆ ಏನು ಹೇಳಲಿ ಅಂತ ಎರಡು ದಿನ ಅಲ್ಲೇ ಉಳಿದೆ.

ಅಪ್ಪ ಏನಂದರು ಗೊತ್ತಾ? 'ಸದ್ಯ, ಬಿಪಿ ಇರೋದು ಈಗಲಾದರೂ ಗೊತ್ತಾಯ್ತಲ್ಲ.' ಆರು ಅಡಿ ಮೂರಿಂಚು ಇದ್ದುಕೊಂಡು ಒಳಗೆ ಏನಿದೆ ಅಂತ ಒಂದು ದಿನ ನೋಡಿಸಿರಲಿಲ್ಲ ನಾನು. ನೀವೆಲ್ಲ ಈ ವಾರ ಒಮ್ಮೆ ಅಳೆಸಿಕೊಳ್ಳಿ.

ಕೊನೇ ಬೆಂಚು, ಡಲ್ಲಾಸ್

ನನ್ನ ಚಿಕ್ಕ ಟ್ರಿಪ್ ಕಥೆ ಕೇಳಿ ಹಾಗಾದರೆ. ಸೆಪ್ಟೆಂಬರ್ 21 ಮಹಾಲಯ ಅಮಾವಾಸ್ಯೆ. ಅಪ್ಪನಿಗೆ ಎಡೆ ಇಡಲು ಹತ್ತು ವರ್ಷದ ಮೇಲೆ ಊರಿಗೆ ಬಂದಿದ್ದೆ. ಇಪ್ಪತ್ತನೇ ತಾರೀಕು ಶನಿವಾರ ಬೆಳಿಗ್ಗೆ ಎದ್ದರೆ ಫೋನಿನಲ್ಲಿ ಅರವತ್ತು ಮೆಸೇಜು. ಅಮೆರಿಕದ ಕೆಲಸದ ವೀಸಾ ಎಚ್1ಬಿಗೆ 1 ಲಕ್ಷ ಡಾಲರ್ ಫೀಸು, ಭಾನುವಾರದಿಂದಲೇ ಜಾರಿ, ಹೊರಗಿದ್ದವರು ಕೂಡಲೇ ಒಳಗೆ ಬನ್ನಿ. ಅಮ್ಮ ಒಳಗೆ ಕಜ್ಜಾಯದ ಪಾಕ ಮಾಡುತ್ತಿದ್ದರು. ಹೋಗಿ ಬರುವ ಟಿಕೆಟ್‌ಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ದುಡ್ಡು ಒಂದೇ ಕಡೆಗೆ ಕೊಟ್ಟು ಓಡಿದೆ. ದೋಹಾದಲ್ಲಿ ಕೂತಿದ್ದಾಗ ಸ್ಪಷ್ಟನೆ ಬಂತು, ಇದು ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇದ್ದವರಿಗಲ್ಲ ಅಂತ. ಅಷ್ಟು ಹೊತ್ತಿಗೆ ತಮ್ಮ ಊರಿನಿಂದ ಫೋಟೋ ಕಳಿಸಿದ. ಎಡೆ ಇಟ್ಟಾಗಿದೆ. ಅಮ್ಮ ಊಟಕ್ಕೆ ನನ್ನ ಎಲೆಯನ್ನೂ ಹಾಕಿಸಿದ್ದಾರೆ, ಖಾಲಿ ಎಲೆ, ಪಕ್ಕದಲ್ಲಿ ನೀರಿನ ಲೋಟ.

ಗ್ರೀನ್ ಕಾರ್ಡ್ ಅರ್ಜಿ 2015ರದ್ದು, ಸರದಿ ಇನ್ನೂ ಬಂದಿಲ್ಲ. ಮಗಳಿಗೆ ಈ ಮಾರ್ಚ್‌ನಲ್ಲಿ 21 ತುಂಬಿತು. 21 ಆದರೆ ಅಪ್ಪನ ವೀಸಾದ ನೆರಳಿನಲ್ಲಿ ಇರುವ ಹಾಗಿಲ್ಲ. ಐದು ವರ್ಷದವಳಾಗಿ ಬಂದವಳು, ಈಗ ಅವಳದು ಬೇರೆಯೇ ಸ್ಟೂಡೆಂಟ್ ವೀಸಾ. ಹುಟ್ಟುಹಬ್ಬದ ದಿನ ಇಲ್ಲಿಯ ಮಕ್ಕಳು ಪಾರ್ಟಿ ಮಾಡುತ್ತಾರೆ. ನಾವು ವಕೀಲರ ಜೊತೆ ಫೋನಿನಲ್ಲಿದ್ದೆವು. ಅವಳು ನನ್ನನ್ನು ಕೇಳಿದ ಒಂದೇ ಪ್ರಶ್ನೆ: 'ಅಪ್ಪಾ, ಕಾಲೇಜು ಮುಗಿದ ಮೇಲೆ ವಾಪಸ್ ಹೋಗಿ ಅಂದರೆ ನಾನು ಯಾವ ಊರಿಗೆ ಹೋಗಬೇಕು?' ಹಾಸನ ಅಂದೆ. 'ಅಲ್ಲಿ ನನ್ನ ರೂಮು ಯಾವುದು?' ಅಂದಳು.

ಮೆಸ್ ಸೆಕ್ರೆಟರಿ, ಹಾಸನ

ಲೋ, ನಮ್ಮ ಮನೆಯಲ್ಲಿ ಒಂದು ರೂಮು ಅವಳದ್ದು ಅಂತ ಹೇಳು. ಮನೆ ಮುಗಿದರೆ. ಅದೇ ಪ್ರಶ್ನೆ ಈಗ.

ಹೊರದೇಶದಲ್ಲಿ ನಲವತ್ತು ಮಹಡಿ ಕಟ್ಟಡದ ಸೈಟ್ ನೋಡಿಕೊಂಡವನು ನಾನು. ಊರಲ್ಲಿ ಎರಡು ಮಹಡಿ ಮನೆ ಎಷ್ಟರದು ಅಂದುಕೊಂಡಿದ್ದೆ. ಮೊದಲ ದಿನ ಮೇಸ್ತ್ರಿಗೆ ಡ್ರಾಯಿಂಗ್ ಬಿಡಿಸಿ ತೋರಿಸಿದೆ. ನೋಡಿದ, ಮಡಿಸಿದ, ಜೇಬಿಗೆ ಇಟ್ಟುಕೊಂಡ. 'ಬುಕ್ಕಲ್ಲಿ ಹಂಗಿರ್ತದೆ ಸಾರ್' ಅಂದ. ಮೆಟ್ಟಿಲು ಕಟ್ಟಿದ್ದಾನೆ ನೋಡಿ: ಎಲ್ಲ ಆರಿಂಚು, ಕೊನೆಯದು ಮಾತ್ರ ಎಂಟೂವರೆ. ಹತ್ತುವವರೆಲ್ಲ ಅಲ್ಲೇ ಎಡವುತ್ತಾರೆ. ಯಾಕಪ್ಪಾ ಅಂದರೆ, 'ಕೊನೇಲಿ ಅಡ್ಜಸ್ಟ್ ಮಾಡ್ದೆ ಸಾರ್.' ಪ್ರಿಸ್ಮ್, ನೀನು ಹೇಳಿದ ಮನುಷ್ಯ ಇವನೇ ಕಣೇ. ಎರರ್ ಹಂಚಲೇ ಇಲ್ಲ, ಪೂರ್ತಿ ತಂದು ಒಂದೇ ಮೆಟ್ಟಿಲಿಗೆ ಹಾಕಿದ.

ದುಡ್ಡಿನ ವಿಷಯ ಯಾರೂ ಬಾಯಿ ಬಿಡುವುದಿಲ್ಲ, ನಾನೇ ಹೇಳುತ್ತೇನೆ. ಅಲ್ಲಿ ಪಿಂಚಣಿ ಅಂತ ಇಲ್ಲ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು, ಅಷ್ಟೇ ಕೈಗೆ. ನನ್ನ ಮೂಲ ವೇತನ ಕಡಿಮೆ ಇಟ್ಟು ಭತ್ಯೆ ಜಾಸ್ತಿ ಇಟ್ಟಿದ್ದರು. ಸೇರುವಾಗ ಅದು ಗೊತ್ತಾಗಲಿಲ್ಲ. ಹೊರಡುವಾಗ ಗೊತ್ತಾಯಿತು. ಆ ದುಡ್ಡು ಪ್ಲಿಂತ್, ಅಂದರೆ ಅಡಿಪಾಯದ ಮಟ್ಟಕ್ಕೆ ಮುಗಿಯಿತು.

ತೋಟದ ಮನೆ, ಸಕಲೇಶಪುರ

ನನ್ನದೂ ಬರೆಯಬೇಕಾ? ರೇಟು ಜೋರಾಗಿರುವುದು ನಿಜ. ಆದರೆ ಮಾರಲು ಕಾಫಿ ಇರಬೇಕಲ್ಲ. ಈ ವರ್ಷ ಮೇ ತಿಂಗಳಲ್ಲೇ ಮಳೆ ಹಿಡಿಯಿತು, ಬಿಡಲೇ ಇಲ್ಲ. ಕೊಳೆ ರೋಗ, ಕಾಯಿ ಉದುರಿ ನೆಲ ತುಂಬಾ ಹಸಿರು. ಅರೇಬಿಕಾಗೆ ಬಿಳಿ ಕಾಂಡಕೊರಕ ಬೇರೆ. ಅಪ್ಪ ನೆಟ್ಟ ಗಿಡಗಳನ್ನು ಕಿತ್ತು ರೋಬಸ್ಟಾ ಹಾಕುತ್ತಿದ್ದೇನೆ. ಅಪ್ಪ ಜಗಲಿ ಮೇಲೆ ಕೂತು ನೋಡುತ್ತಾರೆ, ಮಾತಾಡುವುದಿಲ್ಲ.

2001ರಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಬಂದೆ. ಕಾಫಿ ರೇಟು ನೆಲ ಕಚ್ಚಿದ ವರ್ಷ. ಸಾಲ ತೀರಿಸಲು ಹತ್ತು ವರ್ಷ ಬೇಕಾಯಿತು. ಈಗ ಸಾಲ ಇಲ್ಲ, ಆನೆ ಇದೆ. ಬೆಳಿಗ್ಗೆ ಎದ್ದು ಮೊದಲು ನೋಡುವುದು ಆನೆ ಎಲ್ಲಿದೆ ಅಂತ ಬರುವ ಮೆಸೇಜು. ನಮ್ಮ ಊರಿನ ಹೆಸರಿದ್ದರೆ ಆಳುಗಳಿಗೆ ರಜೆ. ಮಗಳು ಮಂಗಳೂರಿನಲ್ಲಿ ಓದುತ್ತಾಳೆ, 'ಅಪ್ಪಾ, ನಾನು ತೋಟಕ್ಕೆ ಬರಲ್ಲ' ಅಂತ ಈಗಲೇ ಹೇಳಿದ್ದಾಳೆ. ನಾನೂ ಹಾಗೇ ಹೇಳಿದ್ದೆ, ನೋಡೋಣ.

ಮತ್ತೆ ಆ ಎತ್ತಿನಹೊಳೆ, ಬಯಲುಸೀಮೆಗೆ ನೀರು ಒಯ್ಯುವ ಯೋಜನೆ. ನಮ್ಮ ಹಳ್ಳಗಳನ್ನೆಲ್ಲ ಪೈಪಿಗೆ ತುಂಬಿಸಿದ್ದಾರೆ. ರಸ್ತೆ ಅಗೆದು ಹಾಳು. ತೂಬು, ನೀನು ಎಲ್ಲಿದ್ದೀಯ? ನಿನ್ನ ಇಲಾಖೆಯವರನ್ನು ಕೇಳಬೇಕು.

ತೂಬು, ಅರಸೀಕೆರೆ

ಇದ್ದೇನೆ, ಓದುತ್ತಿದ್ದೆ. ನಮ್ಮದು ಸಣ್ಣ ನೀರಾವರಿ ಕಣೋ. ಎತ್ತಿನಹೊಳೆ ನಮ್ಮ ಕೈಯಲ್ಲಿಲ್ಲ, ಆದರೆ ಹೇಳುತ್ತೇನೆ. 2024ರ ಗೌರಿ ಹಬ್ಬದ ದಿನ ಅಲ್ಲಿ ನೀರು ಮೇಲಕ್ಕೆತ್ತಿದಾಗ ನಮ್ಮ ತಾಲೂಕಿನ ಜನ ಮೊಬೈಲ್‌ನಲ್ಲಿ ನೇರಪ್ರಸಾರ ನೋಡುತ್ತಾ ಕೂತಿದ್ದರು. ನಿನಗೆ ಮಳೆ ಜಾಸ್ತಿಯಾಗಿ ಕಾಯಿ ಉದುರುತ್ತದೆ. ನಮ್ಮಲ್ಲಿ ಬರಗಾಲಕ್ಕೆ ತೆಂಗಿನ ಮರದ ಸುಳಿಯೇ ಒಣಗಿ ಬಿದ್ದಿತ್ತು. ನಲವತ್ತು ವರ್ಷದ ಮರಗಳು, ತಲೆ ಇಲ್ಲದ ಕಂಬದ ಹಾಗೆ ಸಾಲಾಗಿ ನಿಂತಿದ್ದವು. ಒಂದೇ ಜಿಲ್ಲೆ, ನೂರು ಕಿಲೋಮೀಟರ್ ಒಳಗೆ.

ತೋಟದ ಮನೆ, ಸಕಲೇಶಪುರ

24 ಟಿಎಂಸಿ ಅಲ್ಲಿ ಇದೆ ಅಂತ ಯಾರು ಅಳೆದರು? ಡಂಪಿ ಅಳೆದನಾ?

ಪ್ಲಂಬ್‌ಬಾಬ್, ಹಾಸನ

ಈ ಜಗಳ ಇಲ್ಲಿಗೆ ನಿಲ್ಲಿಸಿ. ಇಬ್ಬರೂ ಬಂದು ನಮ್ಮ ಮನೆಯಲ್ಲಿ ಕೂತು ಜಗಳ ಆಡಿ, ನಾನು ನೀರು ಕೊಡುತ್ತೇನೆ. ತೂಬು, ನಿನ್ನ ಸ್ವಂತ ಸಮಾಚಾರ ಹೇಳು.

ತೂಬು, ಅರಸೀಕೆರೆ

ನನ್ನದೇನು. ನೀವೆಲ್ಲ ಸಾಫ್ಟ್‌ವೇರ್ ಸೇರಿದಾಗ ನಾನು ಪರೀಕ್ಷೆ ಬರೆಯುತ್ತಿದ್ದೆ. ಮನೆಯಲ್ಲಿ ಎಲ್ಲರೂ ಪಾಪ ಅನ್ನುತ್ತಿದ್ದರು. ಅಧಿಸೂಚನೆ ಮೊದಲೇ ಆಗಿತ್ತು, ಕೆಲಸಕ್ಕೆ ಸೇರುವಷ್ಟರಲ್ಲಿ 2006ರ ಏಪ್ರಿಲ್ 1 ದಾಟಿತು. ಅವತ್ತಿನಿಂದ ಹೊಸ ಪಿಂಚಣಿ. ಕೆಲವೇ ತಿಂಗಳ ಅಂತರಕ್ಕೆ ಹಳೇ ಪಿಂಚಣಿ ತಪ್ಪಿತು ಅಂತ ಹದಿನೇಳು ವರ್ಷ ಕೊರಗಿದೆ. 2024ರಲ್ಲಿ ಆದೇಶ ಬಂತು, ಅಧಿಸೂಚನೆ ಹಳೆಯದಾಗಿದ್ದರೆ ಹಳೇ ಪಿಂಚಣಿಗೆ ಬರಬಹುದು ಅಂತ. ಆ ಕಾಗದ ಕೈಗೆ ಬಂದ ದಿನ ಹೆಂಡತಿ ಒಬ್ಬಟ್ಟು ಮಾಡಿದಳು. ನಮ್ಮ ಮದುವೆ ವಾರ್ಷಿಕೋತ್ಸವಕ್ಕೂ ಮಾಡಿರಲಿಲ್ಲ.

ಮಕ್ಕಳಿಲ್ಲ ನಮಗೆ. ಅದನ್ನು ಎಲ್ಲರೂ ಕೇಳುತ್ತಾರೆ, ಮೊದಲೇ ಹೇಳಿದರೆ ಸುಲಭ. ಪ್ರವಾಸ ಅಂತ ಬೇರೆ ಬೇಡ, ದಿನಾ ಕೆರೆ ಏರಿ ಮೇಲೆ ಓಡಾಟ.

ಪೇಂಟ್ ಡಬ್ಬಿ, ಮೆಲ್ಬರ್ನ್

ತಡವಾಯಿತು, ಇಲ್ಲಿ ರಾತ್ರಿ. ನಾನು ಇಲ್ಲಿ ಕೌನ್ಸಿಲ್‌ನಲ್ಲಿ ಚರಂಡಿ ಇಂಜಿನಿಯರ್. ನಗಬೇಡಿ, ನಮ್ಮ ಬ್ಯಾಚಿನಲ್ಲಿ ಇನ್ನೂ ಲೆವೆಲ್ ನೋಡುವ ಮೂರು ಜನರಲ್ಲಿ ನಾನೊಬ್ಬಳು. ಮದುವೆ ಮುರಿದು ಆರು ವರ್ಷ. ಚೆನ್ನಾಗಿದ್ದೇನೆ, ಇದು ಎರರ್ ಹಂಚಿ ಬರೆದದ್ದಲ್ಲ.

ಸರ್ವೆ ಕ್ಯಾಂಪಿನ ಕೆರೆ ಅರಸೀಕೆರೆ ಕಡೆಯದೇ ಅಲ್ವಾ ತೂಬು? ತೂಬಿನ ಕಲ್ಲಿನ ಮೇಲೆ ನಾನು ಕೆಂಪು ಪೇಂಟಿನಲ್ಲಿ 'ಟಿಬಿಎಂ 100.000' ಅಂತ ಬರೆದಿದ್ದೆ, ಅಳತೆ ಶುರು ಮಾಡುವ ಬೆಂಚ್‌ಮಾರ್ಕ್ ಅದು. ನೀನು ಅದೇ ತೂಬಿನೊಳಗೆ ಬಿದ್ದು ಹೆಸರು ಸಂಪಾದಿಸಿದೆ.

ಡಂಪಿ, ಬೆಂಗಳೂರು

ಮೂರು ದಿನದಿಂದ ಬರೆದು ಬರೆದು ಅಳಿಸುತ್ತಿದ್ದೇನೆ. ಮೊದಲು ಒಂದು ಹಳೇ ತಪ್ಪು ಒಪ್ಪಿಕೊಳ್ಳುತ್ತೇನೆ, ಆಮೇಲೆ ಹೊಸದು ಸುಲಭ.

1997ರ ಆ ಕ್ಯಾಂಪಿನಲ್ಲಿ ಮಟ್ಟ ನೋಡುವ ದುರ್ಬೀನು, ಡಂಪಿ ಲೆವೆಲ್, ಹಿಡಿದವನು ನಾನು. ಪೇಂಟ್ ಡಬ್ಬಿಯ ಟಿಬಿಎಂನಿಂದ ಹೊರಟು, ಏರಿ ಮೇಲೆ ಹೋಗಿ, ಕೋಡಿ ಮುಟ್ಟಿ, ಕೆರೆ ಅಂಗಳ ಸುತ್ತಿ ವಾಪಸ್ ಟಿಬಿಎಂಗೆ ಬಂದೆವು. 100.000 ಬರಬೇಕಿತ್ತು, 99.820 ಬಂತು. 18 ಸೆಂಟಿಮೀಟರ್! ಹಂಚಿದರೆ ಮುಗಿಯುವ ತಪ್ಪಲ್ಲ ಅದು, ಪೂರ್ತಿ ಮತ್ತೆ ಮಾಡಬೇಕಿತ್ತು. ಮಾರನೇ ದಿನ ಸರ್ ನೋಡುತ್ತಾರೆ. ರಾತ್ರಿ ಶಾಲೆಯ ಬೆಂಚಿನ ಮೇಲೆ ನೀವೆಲ್ಲ ಮಲಗಿದ ಮೇಲೆ ಸೀಮೆಎಣ್ಣೆ ಬುಡ್ಡಿ ಇಟ್ಟುಕೊಂಡು ಎರಡು ಫೋರ್‌ಸೈಟ್, ಅಂದರೆ ಮುಂದಿನ ಜಾಗದ ರೀಡಿಂಗ್‌ನಲ್ಲಿ ಒಂಬತ್ತೊಂಬತ್ತು ಸೆಂಟಿಮೀಟರ್ ಕಳೆದೆ. 2.715 ಇದ್ದದ್ದನ್ನು 2.625 ಮಾಡಿದೆ. ಇನ್ನೊಂದು ನೆನಪಿಲ್ಲ. ಲೆಕ್ಕ ಕೂಡಿತು. ಸರ್ 'ಎಕ್ಸಲೆಂಟ್' ಅಂತ ಬರೆದರು. ಆ ಕ್ಯಾಂಪಿನಲ್ಲಿ ನನಗೇ ಹೆಚ್ಚು ಅಂಕ. ಹಳ್ಳಿಯ ಒಬ್ಬ ಅಜ್ಜ ನಮ್ಮನ್ನು ಸರ್ಕಾರದವರು ಅಂದುಕೊಂಡು 'ಕೆರೆಗೆ ನೀರು ಯಾವಾಗ ಬತ್ತದೆ ಸ್ವಾಮಿ?' ಅಂತ ಕೇಳಿದ್ದ. 'ಮುಂದಿನ ವರ್ಷ' ಅಂದಿದ್ದೆ. ಅದನ್ನೂ ನಾನೇ ಅಂದದ್ದು.

ಈಗ ಹೊಸದು. ನಾನು ಬ್ರೇಕ್ ತೆಗೆದುಕೊಂಡಿಲ್ಲ. ಏಪ್ರಿಲ್‌ನಲ್ಲಿ ಕೆಲಸ ಹೋಯಿತು. ಹದಿನಾರು ವರ್ಷ ಒಂದೇ ಕಂಪನಿ. ಇಪ್ಪತ್ತು ನಿಮಿಷದ ಕಾಲ್. ಮಾತಾಡಿದ ಹುಡುಗಿ ಒಳ್ಳೆಯವಳು, ಎರಡು ಸಲ 'ಐ ಆ್ಯಮ್ ಸಾರಿ' ಅಂದಳು. ನಾನೇ ಅವಳಿಗೆ ಪರವಾಗಿಲ್ಲಮ್ಮ ಅಂದೆ. ಸಂಜೆ ಕೊರಿಯರ್‌ನವನು ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಲು ಬಂದ. ಚಾರ್ಜರ್ ಕೊಡುವುದು ಮರೆತೆ. ಇನ್ನೂ ಮೇಜಿನ ಮೇಲಿದೆ.

ಹೆಂಡತಿಗೆ ಅವತ್ತೇ ಹೇಳಿದೆ. ಮಗನಿಗೆ ಹೇಳಲಾಗಲಿಲ್ಲ. ಮೇ ತಿಂಗಳಲ್ಲಿ ಅವನು ಕಾಲೇಜಿನ ಅರ್ಜಿ ತುಂಬುತ್ತಿದ್ದ. ರೂಮಿನಿಂದಲೇ ಕೂಗಿ ಕೇಳಿದ, 'ಅಪ್ಪಾ, ತಂದೆಯ ಉದ್ಯೋಗ ಏನು ಹಾಕಲಿ? ಅದೇ ಹಳೇದಾ?' ಅವನಿಗೆ ಗೊತ್ತಿತ್ತು. ನಾನು ಅಡುಗೆ ಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ, ಉತ್ತರ ಕೊಡಲಿಲ್ಲ. ಆಮೇಲೆ ನೋಡಿದರೆ 'ಸಿವಿಲ್ ಇಂಜಿನಿಯರ್' ಅಂತ ಹಾಕಿದ್ದ. ನನ್ನ ಹಳೇ ಸರ್ಟಿಫಿಕೇಟ್ ಬೀರುವಿನಲ್ಲಿ ನೋಡಿದ್ದನಂತೆ.

ನೂರಾ ಹನ್ನೆರಡು ಕಡೆ ಅರ್ಜಿ ಹಾಕಿದ್ದೇನೆ. 49 ಅಂದ ಕೂಡಲೇ ಫೋನ್ ದನಿ ಬದಲಾಗುತ್ತದೆ. ಅಷ್ಟೇ ಸಮಾಚಾರ.

ಲೆವೆಲಿಂಗ್ ಸ್ಟಾಫ್, ಬೆಂಗಳೂರು

ಲೋ ಡಂಪಿ. ನಾನು ನಿಮ್ಮ ಮನೆಯಿಂದ ಎಂಟು ಕಿಲೋಮೀಟರ್ ದೂರ ಇದ್ದೇನೆ ಕಣೋ. ಏಪ್ರಿಲ್‌ನಿಂದ? ನಾಳೆ ಬರುತ್ತೇನೆ, ಮನೆಯಲ್ಲಿರು.

ಪ್ರಿಸ್ಮ್, ಮೈಸೂರು

ಸಮಾಧಾನದ ಮಾತು ಬೇರೆಯವರು ಹೇಳಲಿ. ನಾನು ಕೆಲಸದ ಮಾತು ಕೇಳುತ್ತೇನೆ. ಕಂಪನಿಯ ಹೆಲ್ತ್ ಇನ್ಶೂರೆನ್ಸ್ ಹೋಗಿರುತ್ತದೆ, ಬೇರೆ ಮಾಡಿಸಿದ್ದೀಯಾ? ಸೆಪ್ಟೆಂಬರ್ 22ರಿಂದ ಸ್ವಂತ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯೂ ಈಗ ಹೆಚ್ಚೆಂದರೆ 3 ವರ್ಷ. ಸಕ್ಕರೆ, ಬಿಪಿ ಇದ್ದರೆ ಮುಚ್ಚಿಡಬೇಡ, ಕ್ಲೇಮ್ ಸಮಯದಲ್ಲಿ ಅದನ್ನೇ ಹಿಡಿಯುತ್ತಾರೆ. ಐವತ್ತು ತುಂಬುವ ಮೊದಲು ಮಾಡಿಸು.

ಮೆಸ್ ಸೆಕ್ರೆಟರಿ, ಹಾಸನ

ಗ್ರಾಚ್ಯುಟಿ ಬಂತಾ? 20 ಲಕ್ಷದ ತನಕ ತೆರಿಗೆ ಇಲ್ಲ. ಪಿಎಫ್ ಮುಟ್ಟಬೇಡ. ನಾನು ಮುಟ್ಟಿದೆ, ಅದು ಟೈಲ್ಸ್ ಆಯಿತು.

ಪ್ಲಂಬ್‌ಬಾಬ್, ಹಾಸನ

ಪಿಎಫ್ ಜೊತೆಗಿನ ಪಿಂಚಣಿಯನ್ನು 50ಕ್ಕೇ ಶುರು ಮಾಡಬಹುದು ಅಂತ ಯಾರೋ ಹೇಳಿ ಆಸೆ ಹುಟ್ಟಿಸುತ್ತಾರೆ. 58ಕ್ಕಿಂತ ಮೊದಲು ತೆಗೆದರೆ ವರ್ಷಕ್ಕೆ ಶೇ. 4ರಂತೆ ಕಡಿಮೆಯಾಗುತ್ತದೆ. ಅದೂ 15,000ದ ಮಿತಿಯ ಮೇಲೆ ಲೆಕ್ಕ, ನಮ್ಮಲ್ಲಿ ಹೆಚ್ಚಿನವರಿಗೆ ಕೆಲವೇ ಸಾವಿರ. ಅದನ್ನು ನೆಚ್ಚಿಕೊಳ್ಳಬೇಡ.

ಇನ್ನೊಂದು. ನಮ್ಮಲ್ಲಿ ಸಿವಿಲ್‌ಗೆ ಹುಡುಗರು ಬರುವುದು ಕಡಿಮೆಯಾಗಿದೆ, ಇರುವವರಿಗೂ ಫೀಲ್ಡ್ ಅಂದರೆ ಬಿಸಿಲು ಅಂತ ಬೇಜಾರು. ತಿಂಗಳಿಗೆ ಒಂದು ದಿನ ಬಂದು ಕೆಲಸ ಅಂದರೆ ಏನು ಅಂತ ಅವರಿಗೆ ಹೇಳುತ್ತೀಯಾ? ದುಡ್ಡು ಇಲ್ಲ, ಊಟ ಇದೆ.

ಪ್ರಿಸ್ಮ್, ಮೈಸೂರು

ಊಟಕ್ಕೆ ಕರೆಯುವವರು ಬೇಕಾದಷ್ಟು ಜನ. ಡಂಪಿ, ಸ್ಟ್ರಕ್ಚರ್ಸ್‌ನಲ್ಲಿ ನನಗಿಂತ ಐದು ಅಂಕ ಜಾಸ್ತಿ ತೆಗೆದವನು ನೀನು. ಅದು ತಿದ್ದಿದ್ದಲ್ಲ ಅಂದುಕೊಂಡಿದ್ದೇನೆ. ನನ್ನ ಹತ್ತಿರ ಕೆಲಸ ಜಾಸ್ತಿ ಇದೆ, ಚೆಕ್ ಮಾಡುವವರಿಲ್ಲ. ಮೂರು ತಿಂಗಳು ಕಲಿಯಬೇಕು, ಆ ಮೂರು ತಿಂಗಳಿಗೆ ಕೊಡುವುದು ಕಡಿಮೆ. ನಿನ್ನ ಹಳೇ ಸಂಬಳದ ಕಾಲು ಭಾಗವೂ ಬರುವುದಿಲ್ಲ. ಸಂಜೆ ಐದಕ್ಕೆ ನಾನು ಸಿಗುವುದಿಲ್ಲ. ಯೋಚನೆ ಮಾಡಿ ಹೇಳು, ದಾಕ್ಷಿಣ್ಯ ಬೇಡ.

ಡಂಪಿ, ಬೆಂಗಳೂರು

ಕಂಟ್ರೋಲ್ ಝಡ್ ಯಾರು ಹೇಳಿಕೊಡುತ್ತಾರೆ?

ಪ್ರಿಸ್ಮ್, ಮೈಸೂರು

ಆಂಟಿ ಹೇಳಿಕೊಡುತ್ತಾಳೆ.

ತೂಬು, ಅರಸೀಕೆರೆ

ಡಂಪಿ, 18 ಸೆಂಟಿಮೀಟರ್ ಅಂದೆಯಲ್ಲ. ನಾನು ನಿನ್ನೆಯಿಂದ ನಗುತ್ತಿದ್ದೇನೆ. ಆ ಕೆರೆ ಈಗ ನನ್ನ ವ್ಯಾಪ್ತಿಯಲ್ಲೇ ಇದೆ. ಆರು ವರ್ಷದ ಹಿಂದೆ ಹೂಳು ತೆಗೆಸಿದೆವು, ಏರಿ ಗಟ್ಟಿ ಮಾಡಿದೆವು. ಎಸ್ಟಿಮೇಟ್ ಮಾಡುವಾಗ ಟೋಟಲ್ ಸ್ಟೇಷನ್ ಅನ್ನುವ ಎಲೆಕ್ಟ್ರಾನಿಕ್ ಸರ್ವೆ ಯಂತ್ರ ಇತ್ತು, ಆದರೂ ನಮ್ಮ ಕ್ಯಾಂಪಿನ ರಿಪೋರ್ಟ್ ನೆನಪಾಗಿ ಹುಡುಕಿ ತೆಗೆದೆ. ಕೋಡಿ ಮಟ್ಟ ಎರಡರಲ್ಲೂ ಕೂಡಲೇ ಇಲ್ಲ. ಹೊಸ ಹುಡುಗರ ಸರ್ವೆಯೇ ತಪ್ಪು ಅಂತ ಅವರನ್ನು ಬಯ್ದು ಎರಡನೇ ಸಲ ಮಾಡಿಸಿದೆ. 'ಎಕ್ಸಲೆಂಟ್' ಅಂತ ಬರೆದಿತ್ತಲ್ಲ, ನಂಬಿದ್ದೆ. ಆ ಹುಡುಗರಿಗೆ ಈಗ ಏನು ಹೇಳಲಿ?

2022ರ ಮಳೆಗೆ ಕೆರೆ ತುಂಬಿ ಕೋಡಿ ಬಿತ್ತು. ಊರವರೆಲ್ಲ ಸೇರಿ ಬಾಗಿನ ಬಿಟ್ಟರು. ಆ ಅಜ್ಜ ಇರಲಿಲ್ಲ, ಅವನ ಮೊಮ್ಮಗ ಇದ್ದ. ನೀನು 'ಮುಂದಿನ ವರ್ಷ' ಅಂದದ್ದಕ್ಕೆ 24 ವರ್ಷ ತಡ.

ಪೇಂಟ್ ಡಬ್ಬಿ, ನಿನ್ನ ಟಿಬಿಎಂ ನೋಡಲು ಇವತ್ತು ಬೆಳಿಗ್ಗೆ ಹೋಗಿದ್ದೆ. ತೂಬಿನ ಕಲ್ಲು ಹಾಗೇ ಇದೆ. ಪಾಚಿ ಕೆರೆದರೆ ಕೊನೆಯ ಮೂರು ಸೊನ್ನೆ ಕಾಣಿಸುತ್ತವೆ, ಮುಂದಿನದು ಹೋಗಿದೆ.

ಪೇಂಟ್ ಡಬ್ಬಿ, ಮೆಲ್ಬರ್ನ್

ಜನವರಿಯಲ್ಲಿ ಅಮ್ಮನನ್ನು ನೋಡಲು ಬರುತ್ತಿದ್ದೇನೆ. ಅಲ್ಲಿಗೆ ಹೋಗೋಣವಾ? ಪೂರ್ತಿ ಸುತ್ತು ಮತ್ತೆ ಲೆವೆಲ್ ಮಾಡೋಣ. ಯಾವ ಎರಡನೇ ಫೋರ್‌ಸೈಟ್ ಅಂತ ಗೊತ್ತಾಗಲಿ.

ತೋಟದ ಮನೆ, ಸಕಲೇಶಪುರ

ಜನವರಿ ನಮಗೆ ರೋಬಸ್ಟಾ ಕೊಯ್ಲು. ಆದರೂ 26 ಸೋಮವಾರ ಬಿದ್ದಿದೆ, ಮೂರು ದಿನ ಸಿಗುತ್ತದೆ. ಎರಡು ದಿನ ಬರುತ್ತೇನೆ. ಅವತ್ತು ಘಾಟಿ ಹಳಿ ಮೇಲೆ ನಡೆದದ್ದು ನೆನಪಿದೆಯಾ? 1996ರಲ್ಲಿ ರೈಲು ನಿಂತ ಮೇಲೆ ದೋಣಿಗಾಲ್‌ನಿಂದ ಎಡಕುಮೇರಿ ತನಕ. ಸುರಂಗದೊಳಗೆ ಪ್ಲಂಬ್‌ಬಾಬ್ ಹೆದರಿ ಹನುಮಾನ್ ಚಾಲೀಸಾ ಹೇಳಿದ್ದ. ಈಗ ನಡೆಯಲು ಬಿಡುವುದಿಲ್ಲ. ಗಾಜಿನ ಬೋಗಿಯಲ್ಲಿ ಹೋಗೋಣ ಅಂದರೆ ವಿದ್ಯುತ್ ಲೈನ್ ಕೆಲಸಕ್ಕೆ ಜೂನ್‌ನಿಂದ ಹಗಲು ರೈಲೇ ನಿಲ್ಲಿಸಿದ್ದಾರೆ. ಅಷ್ಟರಲ್ಲಿ ಶುರುವಾದರೆ ಮರುದಿನ ಅದು. ಇಲ್ಲದಿದ್ದರೆ ನಮ್ಮ ತೋಟ, ಆನೆ ಒಪ್ಪಿದರೆ.

ಕೊನೇ ಬೆಂಚು, ಡಲ್ಲಾಸ್

ನಾನು ಬರುವ ಹಾಗಿಲ್ಲ, ಈಗ ಹೊರಗೆ ಕಾಲಿಡಲು ಧೈರ್ಯ ಇಲ್ಲ. ಮಗಳು ಡಿಸೆಂಬರ್ ರಜೆಗೆ ಅಜ್ಜಿ ಮನೆಗೆ ಹೋಗುತ್ತೇನೆ ಅನ್ನುತ್ತಿದ್ದಾಳೆ. ಅವಳ ವೀಸಾ ಸ್ಟಾಂಪಿಂಗ್ ಬೇರೆ ಆಗಬೇಕು, ವಕೀಲರು ಬೇಡ ಅಂತಾರೆ. ಆಗದಿದ್ದರೆ ಅವತ್ತು ವಿಡಿಯೋ ಕಾಲ್ ಮಾಡಿ. ರೀಡಿಂಗ್ ನಾನು ಬರೆದುಕೊಳ್ಳುತ್ತೇನೆ, ಡಂಪಿ ಕೈಗೆ ಪೆನ್ಸಿಲ್ ಕೊಡಬೇಡಿ.

ಪ್ರಿಸ್ಮ್, ಮೈಸೂರು

ಅತ್ತೆಯನ್ನು ನಾದಿನಿ ಎರಡು ದಿನ ನೋಡಿಕೊಳ್ಳುತ್ತೇನೆ ಅಂದಿದ್ದಾಳೆ. ಇನ್ನೂ ಪಕ್ಕಾ ಇಲ್ಲ. ಶನಿವಾರ ಬೆಳಿಗ್ಗೆ ಬಂದು ರಾತ್ರಿ ವಾಪಸ್ ಆದರೂ ಸರಿ.

ಪ್ಲಂಬ್‌ಬಾಬ್, ಹಾಸನ

ಜನವರಿ 24 ಶನಿವಾರ, ಬೆಳಿಗ್ಗೆ ಎಂಟಕ್ಕೆ ಅರಸೀಕೆರೆ ಸ್ಟೇಷನ್ ಎದುರು. ನಮ್ಮ ಲ್ಯಾಬ್‌ನಲ್ಲಿ ಒಂದು ಹಳೇ ಡಂಪಿ ಲೆವೆಲ್ ಬೀರುವಿನಲ್ಲಿದೆ, ಯಾರೂ ಮುಟ್ಟುವುದಿಲ್ಲ. ನಿನ್ನೆ ತೆಗೆದು ಒರೆಸಿದೆ. ಗುಳ್ಳೆ ಸರಿಯಾಗಿ ಮಧ್ಯೆ ನಿಲ್ಲುತ್ತದೆ. ಆದರೆ ಟ್ರೈಪಾಡ್‌ನ ಒಂದು ಕಾಲಿನ ರೆಕ್ಕೆ ನಟ್ಟು ಇಲ್ಲ. ಹಾಸನದಲ್ಲಿ ನಾಲ್ಕು ಅಂಗಡಿ ಸುತ್ತಿದೆ, ಆ ಅಳತೆ ಸಿಗಲಿಲ್ಲ. ಸ್ಟಾಫು, ನಾಳೆ ಡಂಪಿ ಮನೆಗೆ ಹೋಗುತ್ತೀಯಲ್ಲ, ಇಬ್ಬರೂ ಎಸ್.ಪಿ. ರಸ್ತೆಗೆ ಒಮ್ಮೆ ಹೋಗಿ ಬನ್ನಿ. ಬೋಲ್ಟಿನ ಫೋಟೋ ಪಕ್ಕದಲ್ಲಿ ಸ್ಕೇಲ್ ಇಟ್ಟು ಕಳಿಸುತ್ತೇನೆ. ಎರಡು ತನ್ನಿ, ಒಂದು ಹೇಗೂ ಕಳೆಯುತ್ತದೆ.